ರೋಗ ಬರುವ ಮೊದಲಿನ ಖರ್ಚು

ಕೇಳುಗರಿಗೆ ನಮಸ್ಕಾರ.

2007ರ ಆಗಸ್ಟ್ ಮೊದಲ ವಾರ. ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ಒಂದು ಫಾರಂನ ದನಗಳಲ್ಲಿ ಕಾಲುಬಾಯಿ ರೋಗ ಕಾಣಿಸಿಕೊಂಡಿತು. ವೈರಾಣುವನ್ನು ಪರೀಕ್ಷಿಸಿ ನೋಡಿದರೆ, ಆಗ ದನಕರುಗಳಲ್ಲಿ ಹರಡುತ್ತಿದ್ದ ತಳಿಯೇ ಅದಲ್ಲ. 1967ರಲ್ಲಿ ಬೇರ್ಪಡಿಸಿ, ಅಲ್ಲಿಂದೀಚೆಗೆ ಪ್ರಯೋಗಾಲಯದಲ್ಲೂ ಲಸಿಕೆ ತಯಾರಿಕೆಯಲ್ಲೂ ಬಳಸುತ್ತಿದ್ದ ತಳಿ. ಕೆಲವೇ ಕಿಲೋಮೀಟರ್ ದೂರದಲ್ಲಿ ಪಿರ್‌ಬ್ರೈಟ್ ಆವರಣವಿತ್ತು. ಈ ರೋಗದ ವಿಶ್ವಮಟ್ಟದ ಉಲ್ಲೇಖ ಪ್ರಯೋಗಾಲಯ, ಅಂದರೆ ಬೇರೆ ದೇಶಗಳೂ ಮಾದರಿ ಕಳಿಸಿ ಖಚಿತಪಡಿಸಿಕೊಳ್ಳುವ ಪ್ರಯೋಗಾಲಯ, ಇರುವುದೇ ಅಲ್ಲಿ. ತನಿಖೆಯಲ್ಲಿ ಕಂಡುಬಂದ ಅತಿ ಸಂಭವನೀಯ ಕಾರಣವೆಂದರೆ, ಹಳೆಯ ತ್ಯಾಜ್ಯನೀರಿನ ಕೊಳವೆಯೊಂದು ಸೋರಿತ್ತು. ಜೋರು ಮಳೆಗೆ ನೆನೆದ ಆ ಮಣ್ಣು ಕಟ್ಟಡ ಕಾಮಗಾರಿಯ ವಾಹನಗಳಿಗೆ ಮೆತ್ತಿಕೊಂಡು ಹೊರಗೆ ಹೋಗಿತ್ತು. ಕೊಳವೆ ಹಳತಾಗಿದೆ ಎಂಬುದು ಕೆಲವು ವರ್ಷಗಳಿಂದ ಗೊತ್ತಿದ್ದ ಸಂಗತಿಯೇ. ದುರಸ್ತಿ ಮಾತ್ರ ಆಗಿರಲಿಲ್ಲ.

ಪ್ರಾಣಿರೋಗದ ಸಿದ್ಧತೆಗೆ ಸರ್ಕಾರಗಳು ಕೊಡುವ ಹಣ ಎಲ್ಲಿ ಸಾಲದೆ ಹೋಗುತ್ತದೆ ಎಂಬುದು ಈ ಒಂದು ಪ್ರಸಂಗದಲ್ಲೇ ಇದೆ. ಕಟ್ಟಡಕ್ಕೆ, ಯಂತ್ರಕ್ಕೆ ಹಣ ಸಿಗುತ್ತದೆ. ಅವುಗಳಿಗೆ ಉದ್ಘಾಟನೆ ಉಂಟು, ಫೋಟೋ ಉಂಟು. ಕೊಳವೆ, ಫಿಲ್ಟರ್, ವಿದ್ಯುತ್ ಬಿಲ್, ಕೊರಿಯರ್ ವೆಚ್ಚ, ರಾತ್ರಿ ಪಾಳಿಯ ತಂತ್ರಜ್ಞನ ಸಂಬಳ ಇವು ಪ್ರತಿ ವರ್ಷವೂ ಬರುವ ಬಾಬತ್ತು, ಮೊದಲು ಕತ್ತರಿ ಬೀಳುವುದೂ ಇವಕ್ಕೇ. ಅಪಾಯಕಾರಿ ರೋಗಾಣುಗಳ ಪ್ರಯೋಗಾಲಯದಲ್ಲಿ ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಸದಾ ಕಡಿಮೆ ಇರಬೇಕು, ಹೊರಹೋಗುವ ಗಾಳಿ ಸೂಕ್ಷ್ಮ ಫಿಲ್ಟರ್ ದಾಟಿಯೇ ಹೋಗಬೇಕು. ಅಂದರೆ ಒಂದೇ ಒಂದು ಮಾದರಿ ಬಾರದ ದಿನವೂ ಫ್ಯಾನುಗಳು ತಿರುಗುತ್ತಲೇ ಇರಬೇಕು. ಆವರ್ತಕ ವೆಚ್ಚವನ್ನು ಬರೆಯದೆ ಇಂಥ ಪ್ರಯೋಗಾಲಯ ಮಂಜೂರು ಮಾಡುವುದಕ್ಕಿಂತ ಮಾಡದಿರುವುದೇ ವಾಸಿ.

ಹಣ ಎಲ್ಲೆಲ್ಲಿ ಬೇಕು ಎಂದು ತಿಳಿಯಲು ಒಂದು ಮಾದರಿಯ ಹಿಂದೆಯೇ ನಡೆದು ನೋಡೋಣ. ದನದ ಬಾಯಲ್ಲಿ ಗುಳ್ಳೆ ಎದ್ದಿದೆ, ಜೊಲ್ಲು ಸುರಿಯುತ್ತಿದೆ, ಕುಂಟುತ್ತಿದೆ. ಪಶುವೈದ್ಯರು ಒಡೆಯದ ಅಥವಾ ಆಗಷ್ಟೇ ಒಡೆದ ಗುಳ್ಳೆಯ ಪೊರೆಯನ್ನು ಕನಿಷ್ಠ 1 ಗ್ರಾಂನಷ್ಟು ತೆಗೆಯಬೇಕು. ಅದನ್ನು ಗ್ಲಿಸರಾಲ್ ಮತ್ತು ಫಾಸ್ಫೇಟ್ ಬಫರ್ ಸಮಪಾಲಿನಲ್ಲಿ ಬೆರೆಸಿದ, ಆಂಟಿಬಯಾಟಿಕ್ ಸೇರಿಸಿದ ದ್ರಾವಣದಲ್ಲಿ ಹಾಕಬೇಕು. ದ್ರಾವಣದ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 7.2ರಿಂದ 7.6ರ ಒಳಗಿರಬೇಕು. ಯಾಕೆಂದರೆ ಕಾಲುಬಾಯಿ ವೈರಾಣುವಿಗೆ ಆಮ್ಲ ಆಗದು. ಪಿಎಚ್ 6ರಿಂದ ಕೆಳಗಿಳಿದರೆ ಬೇಗ ಸಾಯುತ್ತದೆ. ದ್ರಾವಣ ಹಳತಾಗಿ ಹುಳಿತಿರುಗಿದ್ದರೆ ಜೀವಂತ ವೈರಾಣು ಪ್ರಯೋಗಾಲಯಕ್ಕೆ ತಲುಪುವುದೇ ಇಲ್ಲ. ಅದನ್ನು ಬೆಳೆಸಿ ಯಾವ ಲಸಿಕೆ ಹೊಂದುತ್ತದೆ ಎಂದು ನೋಡುವ ದಾರಿಯೂ ಅಲ್ಲಿಗೇ ಮುಚ್ಚಿತು.

ಇನ್ನು ದಾರಿಯಲ್ಲಿ ಮಾದರಿಯನ್ನು ತಣ್ಣಗಿಡುವ ಡ್ರೈ ಐಸ್. ಅದು ಕರಗಿ ನೀರಾಗುವುದಿಲ್ಲ, ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಪೆಟ್ಟಿಗೆಯನ್ನು ಗಾಳಿಯಾಡದಂತೆ ಬಿಗಿದರೆ ಒತ್ತಡ ಏರಿ ಸಿಡಿಯಬಹುದು. ಟ್ಯೂಬಿನ ಮುಚ್ಚಳ ಸಡಿಲವಿದ್ದರೆ ಆ ಅನಿಲ ಒಳಗೆ ಕರಗಿ ಮಾದರಿಯನ್ನು ಆಮ್ಲೀಯಗೊಳಿಸಿ, ಮೇಲೆ ಹೇಳಿದಂತೆ ವೈರಾಣುವನ್ನು ಕೊಲ್ಲುತ್ತದೆ. ಆದ್ದರಿಂದ ಟ್ಯೂಬು ಬಿಗಿಯಾಗಿರಬೇಕು, ಹೊರಪೆಟ್ಟಿಗೆ ಗಾಳಿ ಬಿಡುವಂತಿರಬೇಕು. ಸಾಮಾನ್ಯ ರೋಗಪತ್ತೆ ಮಾದರಿಗಳಿಗೆ ಮೂರು ಸುತ್ತಿನ ಪ್ಯಾಕಿಂಗ್ ಕಡ್ಡಾಯ. ಸೋರದ ಟ್ಯೂಬು, ಸುತ್ತ ದ್ರವ ಹೀರುವಷ್ಟು ಹತ್ತಿ, ಅದರ ಮೇಲೆ ಸೋರದ ಇನ್ನೊಂದು ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ, ಒಳಗಿರುವುದು ರೋಗಪತ್ತೆ ಮಾದರಿ ಎಂದು ತಿಳಿಸುವ ಯುಎನ್ 3373 ಎಂಬ ಗುರುತು. ಚೀಟಿ ಒದ್ದೆಯಾದರೂ ಕಿವಿಯೋಲೆ ಸಂಖ್ಯೆ ಅಳಿಯದಂಥ ಶಾಯಿ ಬೇಕು. ವಾರಾಂತ್ಯಕ್ಕೆ ತಲುಪುವಂತೆ ಕಳಿಸಿ, ಅಲ್ಲಿ ತೆಗೆದುಕೊಳ್ಳುವವರಿಲ್ಲದಿದ್ದರೆ ಇಷ್ಟೆಲ್ಲ ಶ್ರಮವೂ ನೀರುಪಾಲು. ವಾರದ ಏಳೂ ದಿನ ಮಾದರಿ ಸ್ವೀಕರಿಸುವ ಒಬ್ಬ ನೌಕರ ಎಷ್ಟೋ ದುಬಾರಿ ಯಂತ್ರಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತಾನೆ.

ಹಕ್ಕಿ ಜ್ವರಕ್ಕೆ ಗಂಟಲು ಮತ್ತು ಮಲದ್ವಾರದ ಸ್ವಾಬ್ ತೆಗೆಯುವಾಗ ಪಾಲಿಯೆಸ್ಟರ್ ತುದಿ, ಪ್ಲಾಸ್ಟಿಕ್ ಕಡ್ಡಿಯದೇ ಆಗಬೇಕು. ಮರದ ಕಡ್ಡಿಯಿಂದ ಇಳಿಯುವ ಅಂಶಗಳು, ರೋಗಾಣುವಿನ ವಂಶವಾಹಿಯನ್ನು ಪ್ರತಿ ಮಾಡಿ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆ ಅಡ್ಡಿಯಾಗಿ, ರೋಗವಿದ್ದರೂ ಇಲ್ಲ ಎಂಬ ಉತ್ತರ ಬರಬಹುದು. ದನ ಹಠಾತ್ತನೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಆಗ ಶವ ಕೊಯ್ಯಲೇಬಾರದು. ಕೊಯ್ದರೆ ಗಾಳಿ ಸೋಕಿದ ಬ್ಯಾಕ್ಟೀರಿಯಾ ಬೀಜಾಣುಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಕೈಗವಸು ತೊಟ್ಟು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿದರೆ ಸಾಕು. ಇದಕ್ಕೆ ಬೇಕಾದ ಸಾಮಾನು ಅಗ್ಗ, ತರಬೇತಿಯೇ ಮುಖ್ಯ.

ಪ್ರಯೋಗಾಲಯದ ಒಳಗೆ ಹಣ ಸೋರುವುದು ಹೆಚ್ಚಾಗಿ ಕಿಟ್‌ಗಳಲ್ಲಿ. ಆರ್ಥಿಕ ವರ್ಷದ ಕೊನೆಗೆ ಉಳಿದ ಹಣವನ್ನೆಲ್ಲ ಸುರಿದು ಒಂದೇ ಸಲಕ್ಕೆ ಕೊಂಡರೆ, ಎಲ್ಲದರ ಅವಧಿಯೂ ಒಟ್ಟಿಗೇ ಮುಗಿಯುತ್ತದೆ. ರೋಗ ಬರುವ ಹೊತ್ತಿಗೆ ಕಪಾಟಿನಲ್ಲಿ ಡಬ್ಬಿ ಇದೆ, ಬಳಸುವಂತಿಲ್ಲ. ದರ ಒಪ್ಪಂದ ಒಂದೇ ಇರಲಿ, ಸರಬರಾಜು ಮೂರು ತಿಂಗಳಿಗೊಂದು ಕಂತಿನಲ್ಲಿ ಬರಲಿ. ಪಿಸಿಆರ್‌ಗೆ ದ್ರಾವಣ ಬೆರೆಸುವ ಕೋಣೆ, ಮಾದರಿ ಸೇರಿಸುವ ಕೋಣೆ, ಯಂತ್ರದ ಕೋಣೆ ಬೇರೆ ಬೇರೆ ಇದ್ದು, ಕೆಲಸ ಒಂದೇ ದಿಕ್ಕಿಗೆ ಸಾಗಬೇಕು. ಹಿಂದಿನ ಪರೀಕ್ಷೆಯಲ್ಲಿ ಕೋಟಿಗಟ್ಟಲೆ ಪ್ರತಿಯಾದ ಡಿಎನ್‌ಎ ಕೋಟಿನ ತೋಳಿಗೆ ಅಂಟಿ ಮೊದಲ ಕೋಣೆಗೆ ಬಂದರೆ, ಆರೋಗ್ಯವಾಗಿರುವ ಹಿಂಡಿಗೂ ರೋಗದ ಮುದ್ರೆ ಬೀಳುತ್ತದೆ. ಅದಕ್ಕೇ ಪ್ರತಿ ಸುತ್ತಿನಲ್ಲೂ ಮಾದರಿಯಿಲ್ಲದ ಒಂದು ಖಾಲಿ ಟ್ಯೂಬು, ರೋಗಾಣುವಿದೆ ಎಂದು ಗೊತ್ತಿರುವ ಇನ್ನೊಂದು ಟ್ಯೂಬು ಇಡುವುದು. ಖರ್ಚು ಉಳಿಸಲು ಇವನ್ನು ಬಿಡುವವರು ಪರೀಕ್ಷೆಯನ್ನೇ ಬಿಟ್ಟಂತೆ.

ರೋಗವಿಲ್ಲದಾಗಲೂ ಹುಡುಕುತ್ತಿರಬೇಕಲ್ಲ, ಎಷ್ಟು ಪ್ರಾಣಿಗಳನ್ನು ಪರೀಕ್ಷಿಸಬೇಕು? ದೊಡ್ಡ ಹಿಂಡಿನಲ್ಲಿ ನೂರಕ್ಕೆ 10ರಷ್ಟು ಸೋಂಕಿದ್ದರೆ, ಶೇಕಡ 95ರ ಭರವಸೆಯಿಂದ ಒಂದನ್ನಾದರೂ ಹಿಡಿಯಲು 29 ಮಾದರಿ ಸಾಕು. ಸೋಂಕು ನೂರಕ್ಕೆ 5 ಇದ್ದರೆ 59, ಬರೀ 1 ಇದ್ದರೆ 299. ಇದು ಪ್ರಾಣಿಗಳನ್ನು ಲಾಟರಿಯಂತೆ ಆರಿಸಿದಾಗ ಮತ್ತು ಪರೀಕ್ಷೆ ತಪ್ಪದಿದ್ದಾಗಿನ ಲೆಕ್ಕ. ಕೈಗೆ ಸುಲಭವಾಗಿ ಸಿಕ್ಕ ದನಗಳನ್ನಷ್ಟೇ ಹಿಡಿದರೆ ಸಂಖ್ಯೆ ತುಂಬುತ್ತದೆ, ಭರವಸೆ ತುಂಬುವುದಿಲ್ಲ. ಅನುದಾನ ಅರ್ಧವಾದಾಗ 299ರ ಬದಲು 150 ಮಾಡಿ ಅದೇ ಪ್ರಮಾಣಪತ್ರ ಕೊಡುವುದು ಲೆಕ್ಕದ ಮೋಸ.

ಲಸಿಕೆ ಸಂಗ್ರಹದ ವಿಷಯಕ್ಕೆ ಬಂದರೆ, ಕಾಲುಬಾಯಿ ವೈರಾಣುವಿನಲ್ಲಿ 7 ಬಗೆಗಳಿವೆ. ಒಂದರ ಲಸಿಕೆ ಇನ್ನೊಂದಕ್ಕೆ ರಕ್ಷಣೆ ಕೊಡದು. ತಯಾರಾದ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ವರ್ಷ ಇಡಬಹುದು, ಹೆಚ್ಚಿಲ್ಲ. ಹೀಗಾಗಿ ಹಲವು ದೇಶಗಳು ಲಸಿಕೆಯ ಮೂಲ ಅಂಶವಾದ ಪ್ರತಿಜನಕವನ್ನು ಸಾಂದ್ರಗೊಳಿಸಿ ದ್ರವ ಸಾರಜನಕದ ಅತಿಶೀತದಲ್ಲಿ ಇಟ್ಟಿರುತ್ತವೆ. ಬೇಕಾದಾಗ ಕೆಲವೇ ದಿನಗಳಲ್ಲಿ ಲಸಿಕೆ ಮಾಡಿಕೊಳ್ಳಬಹುದು. ಸಂಗ್ರಹ ಮಾಡಿದರಷ್ಟೇ ಸಾಲದು, ಹೊರಗೆ ಹರಡುತ್ತಿರುವ ತಳಿಗಳಿಗೆ ಅದು ಇನ್ನೂ ಹೊಂದುತ್ತದೆಯೇ ಎಂದು ಆಗಾಗ ನೋಡಬೇಕು. ಆ ಪರೀಕ್ಷೆಗೂ ಹಣ ಬರೆದಿರಬೇಕು. ಹಾಂ, ಫ್ರಿಜ್ಜಿನ ಹಿಂಗೋಡೆಗೆ ತಾಗಿ ಹೆಪ್ಪುಗಟ್ಟಿದ ಲಸಿಕೆಯನ್ನು ಕರಗಿಸಿ ಚುಚ್ಚುವವರಿದ್ದಾರೆ. ಅದು ಕೊಟ್ಟರೂ ಕೊಡದಂತೆಯೇ.

ಪರಿಹಾರಧನ ಸಿದ್ಧತೆಯ ಭಾಗವೇ. ಕಡಿಮೆ ಕೊಟ್ಟರೆ ಅಥವಾ ತಡಮಾಡಿದರೆ ರೈತ ರೋಗ ಮುಚ್ಚಿಟ್ಟು ರಾತ್ರೋರಾತ್ರಿ ಮಾರುತ್ತಾನೆ. ಪೇಟೆ ಬೆಲೆಗಿಂತ ಹೆಚ್ಚು ಕೊಟ್ಟರೆ ಎಚ್ಚರಿಕೆಯೇ ಸಡಿಲವಾಗುತ್ತದೆ. ಬ್ರಿಟನ್ನಿನಲ್ಲಿ 2001ರ ಫೆಬ್ರವರಿ 20ರಂದು ಕಾಲುಬಾಯಿ ರೋಗ ದೃಢಪಟ್ಟಿತು. ದೇಶದಾದ್ಯಂತ ಜಾನುವಾರು ಸಾಗಾಟಕ್ಕೆ ತಡೆ ಬಿದ್ದದ್ದು 23ರಂದು. ಅಷ್ಟರಲ್ಲಿ ಕುರಿ ಸಂತೆಗಳ ಮೂಲಕ ರೋಗ ಹತ್ತಾರು ಫಾರಂಗಳನ್ನು ಸೇರಿಬಿಟ್ಟಿತ್ತು. ಆ ವರ್ಷ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಸರ್ಕಾರಕ್ಕೆ 300 ಕೋಟಿ ಪೌಂಡ್‌ಗಿಂತ ಹೆಚ್ಚು, ಖಾಸಗಿ ವಲಯಕ್ಕೆ 500 ಕೋಟಿ ಪೌಂಡ್‌ಗಿಂತ ಹೆಚ್ಚು ಹೊರೆ ಬಿತ್ತು. ನಡುವೆ ಪ್ರಕಟಿಸಿದ ನಿಗದಿತ ಪರಿಹಾರ ದರಗಳು ಪ್ರಾಣಿಗಳ ಬೆಲೆಕಟ್ಟುವಿಕೆಯನ್ನೇ ಮೇಲಕ್ಕೆಳೆದವು. ದರಪಟ್ಟಿ, ಬೆಲೆ ಕಟ್ಟುವವರ ಹೆಸರು, ಹಣ ಸಂದಾಯದ ಗಡುವು ಇವೆಲ್ಲ ರೋಗಕ್ಕೆ ಮೊದಲೇ ಕಾಗದದ ಮೇಲಿರಬೇಕು.

ಕೊಟ್ಟಿಗೆ ದಾಟಿ ಆಹಾರಕ್ಕೆ ಬಂದರೆ, ಹಾಲಿನಲ್ಲಿ ಆಂಟಿಬಯಾಟಿಕ್ ಉಳಿಕೆಯ ಪ್ರಾಥಮಿಕ ಪರೀಕ್ಷೆ ಸರಳ. ಶಾಖ ತಡೆಯುವ ಒಂದು ಬ್ಯಾಕ್ಟೀರಿಯಾವನ್ನು ಹಾಲಿನ ಜೊತೆ ಸುಮಾರು 64 ಡಿಗ್ರಿಯಲ್ಲಿ ಮೂರು ಗಂಟೆ ಇಡುತ್ತಾರೆ. ಅದು ಬೆಳೆದರೆ ಬಣ್ಣ ಬದಲಾಗುತ್ತದೆ, ಔಷಧವಿದ್ದರೆ ಬದಲಾಗುವುದಿಲ್ಲ. ಯಾವ ಔಷಧ, ಎಷ್ಟು ಎಂದು ಹೇಳಲು ದುಬಾರಿ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಎಲ್ಲ ಕಡೆಯೂ ಸರಳ ಪರೀಕ್ಷೆ, ಕೆಲವೇ ಕಡೆ ದೊಡ್ಡ ಯಂತ್ರ ಎಂಬ ಹಂಚಿಕೆ ಸರಿ. ಜಿಲ್ಲೆಗೊಂದು ದೊಡ್ಡ ಯಂತ್ರ ಕೊಟ್ಟು ನಿರ್ವಹಣೆಗೆ ಹಣ ಕೊಡದಿರುವುದು ತಪ್ಪು.

ಆಹಾರದಿಂದ ಕಾಯಿಲೆ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಪತ್ತೆಗೆ 25 ಗ್ರಾಂ ಆಹಾರವನ್ನು 225 ಮಿಲಿಲೀಟರ್ ಪೆಪ್ಟೋನ್ ನೀರಿನಲ್ಲಿ ಸುಮಾರು 18 ಗಂಟೆ ಬೆಳೆಸಿ, ಆಮೇಲೆ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ದ್ರಾವಣದಲ್ಲಿ ಒಂದು ದಿನ, ತಟ್ಟೆಯ ಮೇಲೆ ಇನ್ನೊಂದು ದಿನ. ಉತ್ತರಕ್ಕೆ ಮೂರು ನಾಲ್ಕು ದಿನವಾದರೂ ಬೇಕು. ಮೊದಲ ಹಂತ ಬಿಟ್ಟರೆ ಒಣಗಿಸಿದ, ಬಿಸಿ ಮಾಡಿದ ಆಹಾರದಲ್ಲಿ ಅರೆಜೀವವಾಗಿರುವ ಬ್ಯಾಕ್ಟೀರಿಯಾ ಚೇತರಿಸಿಕೊಳ್ಳದೆ, ಇದ್ದೂ ಇಲ್ಲವಾಗುತ್ತದೆ. ಇಷ್ಟು ಮಾಡಿದರೂ, ನೂರಕ್ಕೆ ಒಂದು ಪೊಟ್ಟಣ ಕೆಟ್ಟಿರುವ ಸರಕಿನಿಂದ 5 ಪೊಟ್ಟಣ ಪರೀಕ್ಷಿಸಿದರೆ ಶೇಕಡ 95 ಸಲ ಆ ಸರಕು ಪಾಸಾಗುತ್ತದೆ. 60 ಪರೀಕ್ಷಿಸಿದರೂ ಅರ್ಧಕ್ಕಿಂತ ಹೆಚ್ಚು ಸಲ ಪಾಸಾಗುತ್ತದೆ. ಹಾಗಾಗಿ ಸಿದ್ಧ ಸರಕನ್ನು ಇನ್ನಷ್ಟು ಪರೀಕ್ಷಿಸುತ್ತಾ ಹೋಗುವುದಕ್ಕಿಂತ, ಕಾರ್ಖಾನೆಯ ನೆಲ, ಚರಂಡಿ, ಯಂತ್ರದ ಸಂದುಗಳ ಮಾದರಿ ತೆಗೆಯುವುದಕ್ಕೆ, ಪಾಶ್ಚರೀಕರಣದ ತಾಪಮಾನ ದಾಖಲೆ ನೋಡುವುದಕ್ಕೆ ಹಣ ಹಾಕಿದರೆ ಹೆಚ್ಚು ಸಿಗುತ್ತದೆ.

ಪರೀಕ್ಷೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ ಎಂಬುದೂ ನೆನಪಿರಲಿ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಎಂಬ, ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆಸಿದ್ದು ಬಯಲಾಯಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, 6 ಶಿಶುಗಳು ಸತ್ತವು. ಹಾಲಿನ ಪ್ರೋಟೀನನ್ನು ನೇರವಾಗಿ ಅಳೆಯುತ್ತಿರಲಿಲ್ಲ. ಸಾರಜನಕವನ್ನು ಅಳೆದು 6.38ರಿಂದ ಗುಣಿಸುತ್ತಿದ್ದರು. ಮೆಲಮೈನಿನ ತೂಕದ ಮೂರನೇ ಎರಡು ಪಾಲು ಸಾರಜನಕವೇ. ನೀರು ಬೆರೆಸಿದ ಹಾಲು ಕೂಡ ಪರೀಕ್ಷೆಯಲ್ಲಿ ಗಟ್ಟಿ ಹಾಲಾಯಿತು. ಆದ್ದರಿಂದ ಪರೀಕ್ಷಾ ಅನುದಾನದ ಒಂದು ಪಾಲನ್ನು ಪಟ್ಟಿಯಲ್ಲಿಲ್ಲದ ವಸ್ತುಗಳ ಹುಡುಕಾಟಕ್ಕೆ ತೆಗೆದಿಡಬೇಕು. ಪರೀಕ್ಷೆ ಮುಗಿದ ಮಾದರಿಗಳ ಒಂದು ಭಾಗವನ್ನು ಮೊಹರು ಮಾಡಿ ಶೀತಪೆಟ್ಟಿಗೆಯಲ್ಲಿ ಕಾದಿಡಬೇಕು. ಹೊಸ ಅನುಮಾನ ಹುಟ್ಟಿದ ದಿನ ಹಳೆಯ ಮಾದರಿಗೆ ಹೊಸ ಪ್ರಶ್ನೆ ಕೇಳಲು ಆಗುವುದು ಆಗ ಮಾತ್ರ. ಆ ಶೀತಪೆಟ್ಟಿಗೆಗೊಂದು ಬದಲಿ ಜನರೇಟರ್ ಬೇಕು, ಜನರೇಟರ್‌ಗೆ ಡೀಸೆಲ್ ಬಾಬತ್ತೂ ಬೇಕು.

ನಮಸ್ಕಾರ.