ಮೊದಲು ಬಿಲ್ಲಿನ ಹೆಸರು, ಆಮೇಲೆ ಮಾಳಿಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಯಾರನ್ನಾದರೂ "ನಿಮ್ಮ ಮನೇಲಿ ಸೋಲಾರ್ ಇದೆಯಾ" ಅಂತ ಕೇಳಿ ನೋಡಿ. "ಹೂಂ, ಬಿಸಿನೀರಿಗೆ ಹಾಕಿಸಿದ್ದೀವಿ" ಅನ್ನುತ್ತಾರೆ. ನಾನು ಇವತ್ತು ಹೇಳುವುದು ಆ ಸೋಲಾರ್ ಬಗ್ಗೆ ಅಲ್ಲ. ನೀರು ಕಾಯಿಸುವುದು ಬೇರೆ, ಕರೆಂಟ್ ತಯಾರಿಸುವುದು ಬೇರೆ. ಸರ್ಕಾರ ಈಗ ದೊಡ್ಡ ಮೊತ್ತದ ಸಹಾಯಧನ ಕೊಡುತ್ತಿರುವುದು ಕರೆಂಟ್ ತಯಾರಿಸುವ ಪ್ಲೇಟುಗಳಿಗೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಮನೆ. ನಮ್ಮ ಮಾಳಿಗೆಯ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಕೂರಿಸಿದ್ದೇವೆ. ಸಬ್ಸಿಡಿ 78,000 ರೂಪಾಯಿ ಬಂತು. ಹಿರಿಯೂರಿನಲ್ಲಿರುವ ನನ್ನ ತಮ್ಮನೂ ಅಷ್ಟೇ ದೊಡ್ಡದು ಹಾಕಿಸಿದ. ಅವನಿಗೆ ಒಂದು ರೂಪಾಯಿಯೂ ಬರಲಿಲ್ಲ. ಯಾಕೆ ಹೀಗಾಯಿತು ಅಂತ ಹೇಳುವುದಕ್ಕೇ ನಾನು ಈ ಮೈಕಿನ ಮುಂದೆ ಕೂತಿದ್ದೇನೆ.

ಮೊದಲು ಸರ್ಕಾರದ ಲೆಕ್ಕ ಹೇಳಿಬಿಡುತ್ತೇನೆ. ಯೋಜನೆಯ ಹೆಸರು ಪಿಎಂ ಸೂರ್ಯಘರ್. ಶುರುವಾದದ್ದು 2024ರ ಫೆಬ್ರವರಿಯಲ್ಲಿ. ದೇಶದ ಒಂದು ಕೋಟಿ ಮನೆಗಳಿಗೆ ಅಂತ 75,021 ಕೋಟಿ ರೂಪಾಯಿ ತೆಗೆದಿಟ್ಟರು. 2026-27ನೇ ಹಣಕಾಸು ವರ್ಷದವರೆಗೆ ಇದರ ಅವಧಿ. ಒಂದು ಕಿಲೋವ್ಯಾಟ್ ಹಾಕಿಸಿದರೆ 30,000 ರೂಪಾಯಿ, ಎರಡಕ್ಕೆ 60,000. ಮೂರನೆಯದಕ್ಕೆ ಮಾತ್ರ 18,000. ಒಟ್ಟು 78,000. ನೀವು ಐದು ಹಾಕಿಸಿ, ಹತ್ತು ಹಾಕಿಸಿ, ಅದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ಜಾಗ ಬೇಕು. ನಮ್ಮ ಬಿಸಿಲಿಗೆ ಅದು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟ್ ಅಂದರೆ ತಿಂಗಳಿಗೆ ಮುನ್ನೂರರ ಮೇಲೆ. ಮಳೆಗಾಲದಲ್ಲಿ ಕಡಿಮೆ.

ಈಗ ನಮ್ಮ ಮನೆಯ ಕಥೆ ಹೇಳುತ್ತೇನೆ. ಅರ್ಜಿ ಹಾಕಲು ಕೂತ ದಿನ ಮಗಳು ಕರೆಂಟ್ ಬಿಲ್ ಕೈಗೆ ತೆಗೆದುಕೊಂಡಳು. "ಅಮ್ಮ, ಇದರಲ್ಲಿ ತಾತನ ಹೆಸರಿದೆಯಲ್ಲ" ಅಂದಳು. ನಮ್ಮ ಮಾವನವರು ತೀರಿಕೊಂಡು ಹದಿಮೂರು ವರ್ಷ ಆಗಿತ್ತು. ಅಷ್ಟು ವರ್ಷವೂ ಅವರ ಹೆಸರಿಗೆ ಬಿಲ್ ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು. ಯಾರಿಗೂ ತೊಂದರೆ ಇರಲಿಲ್ಲ. ಆದರೆ ಸಬ್ಸಿಡಿ ಬರುವುದು ಮೀಟರ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಬಿಲ್ಲಿನ ಹೆಸರು, ಅರ್ಜಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ನಮ್ಮಲ್ಲಿ ಎಷ್ಟು ಮನೆಗಳ ಮೀಟರ್ ಇನ್ನೂ ತೀರಿಹೋದವರ ಹೆಸರಿನಲ್ಲಿದೆ ಅಲ್ವಾ? ಅಣ್ಣತಮ್ಮಂದಿರು ಭಾಗ ಆಗಿರುತ್ತಾರೆ, ಮನೆ ಖಾತೆ ಬದಲಾಗಿರುತ್ತದೆ. ಮೀಟರ್ ಮಾತ್ರ ಅಪ್ಪನ ಹೆಸರಿನಲ್ಲೇ ಉಳಿದಿರುತ್ತದೆ. ನಾವು ಮರಣ ಪತ್ರ, ವಂಶವೃಕ್ಷ, ಮನೆಯ ಖಾತೆ ಕಾಗದ ಎಲ್ಲ ಹಿಡಿದು ಬೆಸ್ಕಾಂ ಕಚೇರಿಗೆ ನಾಲ್ಕು ಸಲ ಓಡಾಡಿದೆವು. ನಮ್ಮವರ ತಂಗಿಯರ ಒಪ್ಪಿಗೆ ಪತ್ರವೂ ಬೇಕಾಯಿತು. ಒಬ್ಬರು ಶಿವಮೊಗ್ಗದಿಂದ ಬಂದು ಸಹಿ ಹಾಕಿ ಹೋದರು. ಎರಡು ತಿಂಗಳು ಹಿಡಿಯಿತು. ಹೊಸ ಹೆಸರಿನ ಬಿಲ್ ಬಂದ ದಿನ ನಮ್ಮ ಅತ್ತೆ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. ಹಳೆಯ ಬಿಲ್ ಒಂದನ್ನು ಮಡಚಿ ದೇವರ ಮನೆಯಲ್ಲಿಟ್ಟರು. ನಾನೂ ಏನೂ ಕೇಳಲಿಲ್ಲ.

ತಮ್ಮನ ಕಥೆ ಬೇರೆ. ಅವನ ಮೀಟರ್ ಅವನ ಹೆಸರಿನಲ್ಲೇ ಇತ್ತು. ಅವನು ತಪ್ಪಿದ್ದು ಇನ್ನೊಂದು ಕಡೆ. ಯಾರೋ ಒಬ್ಬರು ಮನೆಗೆ ಬಂದು, "ಮೊದಲು ಹಾಕಿಸಿಕೊಳ್ಳಿ ಅಣ್ಣ, ಅರ್ಜಿ ಆಮೇಲೆ ನಾವೇ ನೋಡಿಕೊಳ್ಳುತ್ತೇವೆ" ಅಂದರು. ಬೇರೆಯವರಿಗಿಂತ ಇಪ್ಪತ್ತು ಸಾವಿರ ಕಡಿಮೆ ಹೇಳಿದರು. ಇವನು ಒಪ್ಪಿದ. ಪ್ಲೇಟುಗಳು ಚೆನ್ನಾಗಿಯೇ ಇವೆ, ಕರೆಂಟೂ ಬರುತ್ತಿದೆ. ಆದರೆ ಅವು ಹೊರದೇಶದ ಮಾಲು. ಸಬ್ಸಿಡಿ ಬೇಕೆಂದರೆ ಪ್ಲೇಟು ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಇದಕ್ಕೆ ಡಿಸಿಆರ್ ಪ್ಯಾನಲ್ ಅನ್ನುತ್ತಾರೆ. ಅದರ ಬೆಲೆ ಸ್ವಲ್ಪ ಜಾಸ್ತಿ. ಇಪ್ಪತ್ತು ಸಾವಿರ ಉಳಿಸಲು ಹೋಗಿ ಅವನು 78,000 ಕಳೆದುಕೊಂಡ. ಹಾಕಿದವರು ಯೋಜನೆಯಲ್ಲಿ ನೋಂದಾಯಿಸಿದವರೂ ಆಗಿರಲಿಲ್ಲ.

ಅದಕ್ಕೇ ನಾನು ಸಿಕ್ಕವರಿಗೆಲ್ಲ ಹೇಳುವುದು, ಪ್ಲೇಟು ಮಾಳಿಗೆ ಹತ್ತುವ ಮೊದಲು ಅರ್ಜಿ ಹೋಗಿರಬೇಕು ಅಂತ. ಪಿಎಂ ಸೂರ್ಯಘರ್ ಜಾಲತಾಣದಲ್ಲಿ ನಿಮ್ಮ ಬಿಲ್ಲಿನ ಮೇಲಿರುವ ಗ್ರಾಹಕರ ಸಂಖ್ಯೆ ಕೊಟ್ಟು ನೋಂದಾಯಿಸಿಕೊಳ್ಳಿ. ಅಲ್ಲೇ ನೋಂದಾಯಿತ ಸಂಸ್ಥೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಎರಡು ಮೂರು ಜನರ ಹತ್ತಿರ ದರ ಕೇಳಿ. ಡಿಸಿಆರ್ ಪ್ಯಾನಲ್ ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಐದು ವರ್ಷ ಅವರೇ ನಿರ್ವಹಣೆ ಮಾಡಬೇಕು, ಅದೂ ಬರಹದಲ್ಲಿರಲಿ. ಕೂರಿಸಿದ ಮೇಲೆ ಬೆಸ್ಕಾಂನವರು ಬಂದು ನೋಡಿ, ಎರಡು ಕಡೆ ಓದುವ ಮೀಟರ್ ಹಾಕುತ್ತಾರೆ. ನೀವು ಎಳೆದುಕೊಂಡದ್ದು ಒಂದು ಕಡೆ, ಹೊರಗೆ ಕೊಟ್ಟದ್ದು ಇನ್ನೊಂದು ಕಡೆ. ಅದಾದ ಮೇಲೆ ಬ್ಯಾಂಕ್ ವಿವರ ತುಂಬಬೇಕು, ಆಗ ಹಣ ನೇರ ನಿಮ್ಮ ಖಾತೆಗೆ ಬರುತ್ತದೆ. ಅಂದರೆ ಮೊದಲು ಪೂರ್ತಿ ದುಡ್ಡು ನೀವೇ ಹೊಂದಿಸಬೇಕು. ಇದನ್ನು ತಿಳಿಯದೆ ಅರ್ಧಕ್ಕೆ ನಿಲ್ಲಿಸಿದವರನ್ನು ನೋಡಿದ್ದೇನೆ. ಕೈಯಲ್ಲಿ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಕೇಳಿ. ಮೂರು ಕಿಲೋವ್ಯಾಟ್‌ವರೆಗೆ ಎರಡು ಲಕ್ಷದೊಳಗಿನ ಸಾಲಕ್ಕೆ ಅಡಮಾನ ಬೇಕಿಲ್ಲ. ಬಡ್ಡಿಯೂ ಗೃಹಸಾಲಕ್ಕಿಂತ ಭಾರವಲ್ಲ.

ಎಲ್ಲರೂ ಹಾಕಿಸಲೇಬೇಕಾ? ಇಲ್ಲ. ಗೃಹಜ್ಯೋತಿಯಲ್ಲಿ ನಿಮಗೆ ಬಿಲ್ ಸೊನ್ನೆ ಬರುತ್ತಿದ್ದರೆ ಅವಸರ ಬೇಡ. ಉಳಿಯುವುದಕ್ಕೆ ಅಲ್ಲಿ ಏನೂ ಇಲ್ಲ. ಲಾಭ ಇರುವುದು ಇನ್ನೂರು ಯೂನಿಟ್ ದಾಟುವ ಮನೆಗೆ. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ. ನಮ್ಮದು ಅಂಥದ್ದೇ ಮನೆ. ಫ್ರಿಜ್ಜು, ವಾಷಿಂಗ್ ಮಷೀನು, ಸಂಪಿನ ಮೋಟರು, ಬೇಸಿಗೆಯಲ್ಲಿ ಅತ್ತೆಯ ಕೋಣೆಗೆ ಎಸಿ. ಮುನ್ನೂರು ಯೂನಿಟ್, ಬಿಲ್ ಎರಡು ಸಾವಿರದ ಮೇಲೆ. ಮೂರು ಕಿಲೋವ್ಯಾಟಿಗೆ ನಮಗೆ 1,80,000 ಆಯಿತು. ಸಬ್ಸಿಡಿ ಕಳೆದರೆ 1,02,000. ತಿಂಗಳಿಗೆ 1,700 ಉಳಿದರೂ ಐದು ವರ್ಷಕ್ಕೆ ಹಾಕಿದ ದುಡ್ಡು ಬಂತು. ಪ್ಲೇಟಿನ ಬಾಳಿಕೆ ಇಪ್ಪತ್ತೈದು ವರ್ಷ. ಬಿಲ್ ಪೂರ್ತಿ ಸೊನ್ನೆ ಆಗುತ್ತದೆ ಅಂತ ಮಾತ್ರ ನಂಬಬೇಡಿ. ನಿಗದಿತ ಶುಲ್ಕ ಕಟ್ಟಲೇಬೇಕು. ಉಳಿದ ಯೂನಿಟ್ ಮಾರಿ ದುಡ್ಡು ಮಾಡಬಹುದು ಅಂತಲೂ ಜಾಸ್ತಿ ಹಾಕಿಸಬೇಡಿ. ಅದಕ್ಕೆ ಸಿಗುವ ದರ, ನಾವು ಕೊಡುವ ದರಕ್ಕಿಂತ ಬಹಳ ಕಡಿಮೆ.

ಇನ್ನೊಂದು ವಿಷಯ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸೋಲಾರ್ ಇದ್ದರೂ ಕರೆಂಟ್ ಹೋದರೆ ನಿಮ್ಮ ಮನೆಯಲ್ಲೂ ಹೋಗುತ್ತದೆ, ಮಟಮಟ ಮಧ್ಯಾಹ್ನದಲ್ಲೂ. ನಮ್ಮ ಪಕ್ಕದ ಮನೆಯವರು ಇದಕ್ಕೆ ಜಗಳವೇ ಆಡಿದರು. ಅದು ಕೆಟ್ಟಿರುವುದಲ್ಲ, ಹಾಗೆ ಮಾಡಿರುವುದೇ. ಲೈನ್‌ಮನ್ ಫ್ಯೂಸ್ ತೆಗೆದು ಕಂಬದ ಮೇಲೆ ಕೆಲಸ ಮಾಡುತ್ತಿರುತ್ತಾನೆ. ಆಗ ನಮ್ಮ ಮಾಳಿಗೆಯಿಂದ ಕರೆಂಟ್ ತಂತಿಗೆ ಹರಿದರೆ ಅವನ ಜೀವಕ್ಕೆ ಅಪಾಯ. ಅದಕ್ಕೇ ಪ್ಲೇಟಿನ ಕರೆಂಟನ್ನು ಮನೆಗೆ ಹೊಂದುವಂತೆ ಮಾಡುವ ಸೋಲಾರ್ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವಂಥದ್ದು ಹಾಕಿಸಬೇಕು. ಅದು ದುಬಾರಿ, ಬ್ಯಾಟರಿಗೆ ಈ ಸಬ್ಸಿಡಿ ಇಲ್ಲ.

ತೆರಿಗೆ ವಿಷಯಕ್ಕೆ ಬರುತ್ತೇನೆ. ಇಲ್ಲಿ ಗೊಂದಲ ಬಹಳ. ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ, "ಅಪ್ಪ, ಸೋಲಾರ್‌ಗೆ ಶೇಕಡಾ 30 ತೆರಿಗೆ ವಾಪಸ್ ಬರುತ್ತೆ" ಅಂದಿರುತ್ತಾರೆ. ಅದು ಅಲ್ಲಿಯ ಕಾನೂನು. ಮನೆಗಳಿಗೆ ಅಲ್ಲಿಯೂ 2025ರ ಡಿಸೆಂಬರ್‌ಗೆ ಅದು ಮುಗಿದಿದೆ. ನಮ್ಮಲ್ಲಿ ಮನೆಗೆ ಹಾಕಿಸಿದ ಸೋಲಾರ್‌ಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ನಮಗೆ ಸಿಕ್ಕಿರುವುದು ಜಿಎಸ್‌ಟಿ ಇಳಿಕೆ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಗ್ರಿಗೆ ಶೇಕಡಾ 12 ಇದ್ದದ್ದು 5 ಆಗಿದೆ. ಕೊಟೇಶನ್‌ನಲ್ಲಿ ಹಳೆಯ ದರ ಹಾಕಿದ್ದರೆ ಕೇಳಿ.

ಆದಾಯ ತೆರಿಗೆಯ ಅನುಕೂಲ ಇರುವುದು ವ್ಯಾಪಾರ, ಉದ್ಯಮ ಮಾಡುವವರಿಗೆ. ದಾವಣಗೆರೆಯ ಅಕ್ಕಿ ಗಿರಣಿಯವರು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಇದನ್ನು ಗಮನಿಸಬೇಕು. ಸೋಲಾರ್‌ಗೆ ವರ್ಷಕ್ಕೆ ಶೇಕಡಾ 40ರಷ್ಟು ಸವಕಳಿ, ಅಂದರೆ ಸಾಮಾನು ಹಳೆಯದಾದಂತೆ ಇಳಿಯುವ ಬೆಲೆ, ಲೆಕ್ಕದಲ್ಲಿ ತೋರಿಸಬಹುದು. ಹತ್ತು ಲಕ್ಷ ಹಾಕಿದರೆ ಮೊದಲ ವರ್ಷವೇ ನಾಲ್ಕು ಲಕ್ಷ ಲಾಭದಿಂದ ಕಳೆಯಬಹುದು. ಶೇಕಡಾ 30 ತೆರಿಗೆ ಕಟ್ಟುವವರಿಗೆ 1,20,000 ರೂಪಾಯಿ ಉಳಿಯಿತು. ಆದರೆ ಆ ಹಣಕಾಸು ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ ಸಿಗುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಚಾಲೂ ಮಾಡಿಬಿಟ್ಟರೆ ಈ ಚಿಂತೆ ಇಲ್ಲ. ಸಣ್ಣ ಅಂಗಡಿಯವರು ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುತ್ತಿದ್ದರೆ ಈ ಸವಕಳಿ ಅವರಿಗೆ ಬೇರೆಯಾಗಿ ಸಿಗುವುದಿಲ್ಲ.

ಜಗಳೂರು, ಮೊಳಕಾಲ್ಮೂರು ಕಡೆಯ ರೈತರಿಗೆ ಒಂದು ಮಾತು. ಬೋರ್‌ವೆಲ್ ಪಂಪಿಗೆ ಕುಸುಮ್-ಬಿ ಅಂತ ಬೇರೆ ಯೋಜನೆ ಇದೆ. ಖರ್ಚಿನಲ್ಲಿ ಕೇಂದ್ರದ್ದು ಶೇಕಡಾ 30, ರಾಜ್ಯದ್ದು 50, ರೈತರದ್ದು 20. ಮನೆಯ ಯೋಜನೆಗೂ ಅದಕ್ಕೂ ಸಂಬಂಧವಿಲ್ಲ, ಅರ್ಜಿಯೂ ಬೇರೆ.

ಕೊನೆಗೆ ಮಾಳಿಗೆಯ ಮಾತು. ಪ್ಲೇಟು ದಕ್ಷಿಣಕ್ಕೆ ಮುಖ ಮಾಡಿರಬೇಕು. ತೆಂಗಿನ ಗರಿಯ ನೆರಳು ಒಂದು ಪ್ಲೇಟಿನ ಮೇಲೆ ಬಿದ್ದರೂ ಸಾಲಿಗೆ ಸಾಲೇ ಸೊರಗುತ್ತದೆ. ನಮ್ಮ ಕಡೆ ಧೂಳು ಜಾಸ್ತಿ, ಬೇಸಿಗೆಯಲ್ಲಂತೂ ವಾರಕ್ಕೊಮ್ಮೆ ತೊಳೆಯಬೇಕು. ಬಿಸಿಲೇರಿದ ಮೇಲೆ ತಣ್ಣೀರು ಸುರಿಯಬೇಡಿ, ಗಾಜಿಗೆ ಒಳ್ಳೆಯದಲ್ಲ. ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಆರಕ್ಕೆ ಮಗಳು ಪೈಪು ಹಿಡಿದು ಮಾಳಿಗೆ ಹತ್ತುತ್ತಾಳೆ. ಅಷ್ಟರಲ್ಲಿ ಅತ್ತೆ ಅಂಗಳದಲ್ಲಿ ನಿಂತು, "ಇವತ್ತು ಎಷ್ಟು ಯೂನಿಟ್ ಬರಬಹುದೇ?" ಅಂತ ಕೂಗುತ್ತಾರೆ.

ನಮಸ್ಕಾರ.