ಅಲಾರಂ ಸುಮ್ಮನೆ ಕೂಗಿದರೆ ಮೊದಲು ಬಾಗಿಲ ಸ್ವಿಚ್ಚು ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಕಾರಿಗೆ ಹೊರಗಡೆ ಅಂಗಡಿಯಲ್ಲಿ ಅಲಾರಂ ಹಾಕಿಸಿಕೊಂಡವರಿಗಾಗಿ ಇವತ್ತು ಮಾತಾಡಲು ಬಂದಿದ್ದೇನೆ. ಅದರಲ್ಲೂ ನಡುರಾತ್ರಿ ಯಾರೂ ಮುಟ್ಟದಿದ್ದರೂ ಅಲಾರಂ ಕೂಗಿ, ನಿದ್ದೆಗಣ್ಣಲ್ಲಿ ರಿಮೋಟ್ ಹುಡುಕಾಡಿದವರಿಗಾಗಿ. ಬೇರೆಲ್ಲ ಮರೆತರೂ ಚಿಂತೆಯಿಲ್ಲ, ಇದೊಂದು ನೆನಪಿರಲಿ: ಮೊದಲು ಬಾಗಿಲ ಸ್ವಿಚ್ಚು ನೋಡಿ.

ಅಲಾರಂ ಪೆಟ್ಟಿಗೆಗೆ ಕಣ್ಣಿಲ್ಲ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅದಕ್ಕೆ ಹೇಳುವುದು ಒಂದೇ ಒಂದು ತಂತಿ. ಬಾಗಿಲ ಚೌಕಟ್ಟಿನಲ್ಲಿ ಒಂದು ಪಿನ್ ಸ್ವಿಚ್ಚು ಇರುತ್ತದೆ. ಬಾಗಿಲು ಮುಚ್ಚಿದಾಗ ಪಿನ್ನು ಒಳಗೆ ಒತ್ತಿಕೊಳ್ಳುತ್ತದೆ, ತಂತಿ ಯಾವುದಕ್ಕೂ ತಾಗದೆ ಬಿಟ್ಟುಕೊಂಡಿರುತ್ತದೆ. ತೆರೆದಾಗ ಪಿನ್ನು ಹೊರಗೆ ಬರುತ್ತದೆ, ತಂತಿ ಕಾರಿನ ಲೋಹದ ಬಾಡಿಗೆ ತಾಗಿ ಅರ್ಥ್ ಆಗುತ್ತದೆ, ಅಂದರೆ ಬ್ಯಾಟರಿಯ ಮೈನಸ್ ಕಡೆಗೆ ಸೇರುತ್ತದೆ. ಒಳಗಿನ ಲೈಟು ಹತ್ತುವುದೂ ಇದರಿಂದಲೇ. ಅಲಾರಂ ಹಾಕುವವರು ಇದೇ ತಂತಿಗೆ ಇನ್ನೊಂದು ತಂತಿ ಸೇರಿಸಿ ಪೆಟ್ಟಿಗೆಗೆ ಕೊಡುತ್ತಾರೆ. ಈಚಿನ ಬಹಳಷ್ಟು ಗಾಡಿಗಳಲ್ಲಿ ಪಿನ್ನು ಕಾಣುವುದಿಲ್ಲ, ಸ್ವಿಚ್ಚು ಬಾಗಿಲ ಲಾಕಿನೊಳಗೇ ಕೂತಿರುತ್ತದೆ. ಕೆಲಸ ಮಾತ್ರ ಅದೇ.

ಹಾಗಾದರೆ ಬಾಗಿಲು ಮುಚ್ಚಿದ್ದಾಗಲೂ ಆ ತಂತಿ ಸ್ವಲ್ಪ ಅರ್ಥ್ ಆದರೆ? ಪೆಟ್ಟಿಗೆ ಬಾಗಿಲು ತೆರೆಯಿತು ಅಂದುಕೊಳ್ಳುತ್ತದೆ, ಕೂಗುತ್ತದೆ. ಅದರ ತಪ್ಪೇನೂ ಇಲ್ಲ. ಆದರೆ ಜನ ಮಾಡುವುದೇನು? ಸೆನ್ಸಿಟಿವಿಟಿ ಸ್ಕ್ರೂ ತಿರುಗಿಸುತ್ತಾರೆ. ಅದು ಶಾಕ್ ಸೆನ್ಸರಿನ ಸ್ಕ್ರೂ, ಗಾಡಿಗೆ ಪೆಟ್ಟು ಬಿದ್ದರೆ ಗೊತ್ತಾಗಲಿ ಅಂತ ಇರುವುದು. ಬಾಗಿಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಪೂರ್ತಿ ತಗ್ಗಿಸಿದರೂ ರಾತ್ರಿ ಮತ್ತೆ ಕೂಗುತ್ತದೆ. ಆಗ ಪೆಟ್ಟಿಗೆಯನ್ನೇ ಬದಲಾಯಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ದಯವಿಟ್ಟು ಆ ಸ್ಕ್ರೂ ಮುಟ್ಟಬೇಡಿ. ಮೊದಲು ಬಾಗಿಲ ಸ್ವಿಚ್ಚು ನೋಡಿ.

ಇಲ್ಲಿ ಒಂದು ಗಾಡಿಯ ಕತೆ ಹೇಳಲೇಬೇಕು. ನನಗೆ ತುಂಬಾ ಇಷ್ಟವಾದ ಕೇಸು ಅದು. ಒಬ್ಬ ಮೇಡಂ ತಂದಿದ್ದ ಕಾರು. ಮಂಜು ಬಿದ್ದ ರಾತ್ರಿ ಬೆಳಗಿನ ಜಾವ ಅಲಾರಂ ಕೂಗುತ್ತಿತ್ತು. ಹಾಕಿಕೊಟ್ಟ ಅಂಗಡಿಗೆ ತೆಗೆದುಕೊಂಡು ಹೋದರೆ ಅಲ್ಲಿ ಎಲ್ಲ ಸರಿ. ಪೆಟ್ಟಿಗೆ ಬದಲಾಯಿಸಿದರು, ಮನೆಗೆ ಬಂದ ಮೇಲೆ ಮತ್ತೆ ಅದೇ ಕತೆ. ಕೊನೆಗೆ ಅವರಿಗೆ, 'ಬೆಕ್ಕು ಗಾಡಿ ಮೇಲೆ ಹತ್ತಿರಬೇಕು ಮೇಡಂ' ಅಂದು ಕಳಿಸಿದ್ದರು.

ನಾನು ಅವರನ್ನು ಕೇಳಿದೆ, 'ರಾತ್ರಿ ಗಾಡಿ ನಿಲ್ಲಿಸುವಾಗ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ.' ಅವರು ಹೇಳುತ್ತಾ ಹೋದರು. ಹ್ಯಾಂಡ್ ಬ್ರೇಕ್ ಹಾಕ್ತೀನಿ, ಕಿಟಕಿ ಏರಿಸ್ತೀನಿ, ಮೇಲಿನ ಲೈಟು ಆಫ್ ಮಾಡ್ತೀನಿ. ಅಲ್ಲಿಗೆ ನಿಲ್ಲಿಸಿದೆ. ಲೈಟು ಯಾಕೆ ಆಫ್? ಮಕ್ಕಳು ಬಾಗಿಲು ಸರಿಯಾಗಿ ಹಾಕದೆ ಒಂದು ಸಲ ಬ್ಯಾಟರಿ ಇಳಿದಿತ್ತಂತೆ, ಆಮೇಲೆ ಅಭ್ಯಾಸ ಮಾಡಿಕೊಂಡಿದ್ದರು. ಅಂಗಡಿಯಲ್ಲಾದರೆ ಹುಡುಗರು ಬಾಗಿಲು ಪರೀಕ್ಷಿಸಲು ಅದೇ ಲೈಟನ್ನು ಡೋರ್ ಅನ್ನುವ ಜಾಗಕ್ಕೆ, ಅಂದರೆ ಬಾಗಿಲು ತೆರೆದಾಗ ಮಾತ್ರ ಹತ್ತುವ ಹಾಗೆ, ಹಾಕಿಡುತ್ತಿದ್ದರು. ವ್ಯತ್ಯಾಸ ಇದ್ದದ್ದು ಅಲ್ಲೇ!

ಬಿಡಿಸಿ ಹೇಳುತ್ತೇನೆ. ಲೈಟು ಡೋರ್ ಜಾಗದಲ್ಲಿದ್ದರೆ ಬಲ್ಬಿನ ಮೂಲಕ ಬ್ಯಾಟರಿಯ 12 ವೋಲ್ಟ್ ಆ ತಂತಿಗೆ ಬರುತ್ತಲೇ ಇರುತ್ತದೆ. ಸ್ವಿಚ್ಚಿನಲ್ಲಿ ಒಂದಿಷ್ಟು ತೇವ ಇದ್ದು ಕರೆಂಟು ಸೋರಿದರೂ ವೋಲ್ಟೇಜು ಇಳಿಯುವುದಿಲ್ಲ. ಲೈಟು ಆಫ್ ಮಾಡಿದಿರೋ, ಆ ಬೆಂಬಲ ಹೋಯಿತು. ಆಮೇಲೆ ತಂತಿಯನ್ನು ಹಿಡಿದಿಡುವುದು ಅಲಾರಂ ಪೆಟ್ಟಿಗೆಯೊಳಗಿನ ತೀರಾ ಸಣ್ಣ ಕರೆಂಟು ಮಾತ್ರ. ಒಂದು ಹನಿ ತೇವ ಸಾಕು, ವೋಲ್ಟೇಜು ಕುಸಿಯುತ್ತದೆ, ಪೆಟ್ಟಿಗೆ ಬಾಗಿಲು ತೆರೆಯಿತು ಅಂದುಕೊಳ್ಳುತ್ತದೆ.

ಲೈಟು ಆಫ್ ಮಾಡಿ, ವೋಲ್ಟೇಜು ಅಳೆಯುವ ಮೀಟರಿನ ಕೆಂಪು ಕಡ್ಡಿ ಬಾಗಿಲ ತಂತಿಗೆ, ಕಪ್ಪು ಕಡ್ಡಿ ಬಾಡಿಗೆ ಇಟ್ಟೆ. ಬಾಗಿಲೆಲ್ಲ ಮುಚ್ಚಿ ನೋಡಿದರೆ ಸುಮಾರು 12 ವೋಲ್ಟ್. ಒದ್ದೆ ಬಟ್ಟೆ ಹಿಡಿದು ಒಂದೊಂದೇ ಬಾಗಿಲ ಪಿನ್ನಿಗೆ ನೀರು ತಾಗಿಸಿ ಮುಚ್ಚುತ್ತಾ ಹೋದೆ. ಮುಂದಿನ ಎರಡೂ ಸರಿಯಾಗಿದ್ದವು. ಹಿಂದಿನ ಎಡಬಾಗಿಲಿಗೆ ಬಂದಾಗ ಮೀಟರಿನ ಅಂಕಿ ಜಾರತೊಡಗಿತು, ಅರ್ಧಕ್ಕೆ ಇಳಿದು ಅಲ್ಲೇ ತೂಗಾಡಿತು. ಸ್ವಿಚ್ಚಿನ ಸ್ಕ್ರೂ ಬಿಚ್ಚಿ ಹೊರಗೆಳೆದೆ. ರಬ್ಬರ್ ಟೋಪಿ ಬುಡದಲ್ಲಿ ಸೀಳಿತ್ತು. ಒಳಗೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಪುಡಿಪುಡಿಯಾಗಿ ಕೂತಿತ್ತು. ಒಣಗಿದ್ದಾಗ ಅದು ಸುಮ್ನೆ ಇರುತ್ತದೆ, ಮಂಜಿನ ತೇವ ಕುಡಿದರೆ ಕರೆಂಟು ಹರಿಸುತ್ತದೆ. ಆ ಸ್ವಿಚ್ಚು ಬದಲಾಯಿಸಿದೆವು, ಅಷ್ಟೇ. ಮೇಡಂ ಈಗಲೂ ಲೈಟು ಆಫ್ ಮಾಡಿಯೇ ಮಲಗುತ್ತಾರೆ, ಅಲಾರಂ ಕೂಗುವುದಿಲ್ಲ. ಪಾಪದ ಬೆಕ್ಕು!

ಸಮಯ ಕಡಿಮೆ ಅಂತ ಸನ್ನೆ ಮಾಡುತ್ತಿದ್ದಾರೆ. ನೀವೇ ಮಾಡಬಹುದಾದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಅಲಾರಂ ಕೂಗಿದ ಮೇಲೆ ರಿಮೋಟಿನಲ್ಲಿ ಆಫ್ ಮಾಡುವಾಗ ಗಮನಿಸಿ. ಎಷ್ಟು ಸಲ ಪೀಪ್ ಅಂತು, ಕೆಂಪು ದೀಪ ಎಷ್ಟು ಸಲ ಮಿನುಗಿತು ಎಣಿಸಿ. ಬಾಗಿಲೋ, ಬಾನೆಟ್ಟೋ, ಶಾಕ್ ಸೆನ್ಸರೋ ಅಂತ ಬಹಳಷ್ಟು ಅಲಾರಂಗಳು ಹೀಗೆ ತಾವೇ ಹೇಳುತ್ತವೆ. ಯಾವ ಎಣಿಕೆಗೆ ಏನು ಅರ್ಥ ಅನ್ನುವುದು ಜೊತೆಗೆ ಬಂದ ಪುಸ್ತಿಕೆಯಲ್ಲಿರುತ್ತದೆ. ಆ ಪುಸ್ತಿಕೆ ಎಸೆಯಬೇಡಿ.

ಬಾಗಿಲು ಅಂತ ಗೊತ್ತಾದರೆ, ಯಾವ ಬಾಗಿಲು ಅಂತ ಹುಡುಕಿ. ಕತ್ತಲಲ್ಲಿ ಕಾರಿನೊಳಗೆ ಕೂತು, ಲೈಟು ಡೋರ್ ಜಾಗಕ್ಕೆ ಹಾಕಿ, ಎಲ್ಲ ಬಾಗಿಲು ಮುಚ್ಚಿ. ಲೈಟು ಪೂರ್ತಿ ಆರಲಿ. ಹೊರಗಿನಿಂದ ಒಬ್ಬರು ಒಂದೊಂದೇ ಬಾಗಿಲನ್ನು ಒಳಕ್ಕೆ ಒತ್ತಲಿ, ಹೊರಕ್ಕೆ ಎಳೆಯಲಿ. ಲೈಟು ಮಿಣುಕ್ ಅಂದರೆ ಆ ಬಾಗಿಲೇ. ಪಿನ್ನು ಸರಿಯಾಗಿ ಒತ್ತಿಕೊಳ್ಳುತ್ತಿಲ್ಲ ಅಂತ ಅರ್ಥ. ಲೈಟಿನಲ್ಲಿ ಗೊತ್ತಾಗದಿದ್ದರೆ ಈಗ ಹೇಳಿದೆನಲ್ಲ, ಲೈಟು ಆಫ್ ಮಾಡಿ ಆ ಮೀಟರಿನ ದಾರಿ. ಮುಚ್ಚಿದಾಗ 12ರ ಹತ್ತಿರ, ತೆರೆದಾಗ ಸೊನ್ನೆಯ ಹತ್ತಿರ ಇರಬೇಕು. ನಡುವೆ ಎಲ್ಲಾದರೂ ನಿಂತರೆ ಸೋರುತ್ತಿರಬಹುದು. ಮೀಟರೂ ಇಲ್ಲವೇ? ಒಂದು ಬಾಗಿಲ ಸ್ವಿಚ್ಚಿನ ತಂತಿ ಕಳಚಿ, ತುದಿಗೆ ಟೇಪು ಸುತ್ತಿ ಒಂದು ರಾತ್ರಿ ಬಿಡಿ. ಕೂಗದಿದ್ದರೆ ಸಿಕ್ಕಿತು, ಕೂಗಿದರೆ ಇನ್ನೊಂದು ಬಾಗಿಲು.

ಸ್ವಿಚ್ಚು ಚೆನ್ನಾಗಿದ್ದೂ ಕೂಗುತ್ತಿದ್ದರೆ, ಸ್ವಿಚ್ಚು ಲಾಕಿನೊಳಗಿರುವ ಗಾಡಿಗಳಲ್ಲಿ ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಕೊಳವೆ ನೋಡಿ. ಬಾಗಿಲು ತೆಗೆದು ಹಾಕಿ ಒಳಗಿನ ತಂತಿಯ ಸಿಪ್ಪೆ ಸವೆದಿರಬಹುದು. ಲಾಕ್ ಮಾಡಿದ ಕೂಡಲೇ ಕೂಗಿದರೆ ಅದು ಬೇರೆ: ಸಾಮಾನ್ಯವಾಗಿ ಒಳಗಿನ ಲೈಟು ನಿಧಾನ ಆರುವ ಗಾಡಿ ಅದು, ಲೈಟು ಆರುವ ಮೊದಲೇ ಅಲಾರಂ ಕಾವಲಿಗೆ ಇಳಿದಿದೆ. ಅಲಾರಂ ತಂತಿಯನ್ನು ಲೈಟಿನ ಹತ್ತಿರ ಅಲ್ಲ, ನೇರ ಬಾಗಿಲ ಸ್ವಿಚ್ಚಿಗೇ ಕೊಡಿ ಅಂತ ಮೆಕ್ಯಾನಿಕ್‌ಗೆ ಹೇಳಿ.

ಇನ್ನು ಬಾನೆಟ್ಟಿನ ಕೆಳಗಿರುವ ಇಂಥದ್ದೇ ಪಿನ್ ಸ್ವಿಚ್ಚು. ಮಳೆನೀರು, ಕಾರು ತೊಳೆದ ನೀರು ಎಲ್ಲ ಜಾಸ್ತಿ ಬೀಳುವುದು ಅದಕ್ಕೇ. ನಾಳೆ ಬೆಳಿಗ್ಗೆ ಬಾನೆಟ್ ಎತ್ತಿ ಅದರ ರಬ್ಬರ್ ಟೋಪಿ ಇದೆಯಾ ನೋಡಿ. ಹರಿದಿದ್ದರೆ ಆ ಸ್ವಿಚ್ಚನ್ನೂ ಬದಲಾಯಿಸಿಬಿಡಿ.

ನಮಸ್ಕಾರ.