ಮಾಡು ಹೊದ್ದ ಮರದ ಸೇತುವೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಎಂಬ ಎರಡು ಸಣ್ಣ ರಾಜ್ಯಗಳಿವೆ. ಅಲ್ಲಿನ ಹಳ್ಳಿಗಳ ಹೊಳೆ ದಾಟುವಾಗ ಇವತ್ತಿಗೂ ಮರದ ಸೇತುವೆಗಳು ಸಿಗುತ್ತವೆ. ಎರಡು ಬದಿಗೆ ಹಲಗೆಯ ಗೋಡೆ, ಮೇಲೆ ಇಳಿಜಾರು ಮಾಡು, ಒಳಗೆ ರಸ್ತೆ. ಮೊದಲ ಸಲ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಸೇತುವೆಗೆ ಮಾಡು ಯಾಕೆ?

ಹಿಮ ಬೀಳಬಾರದು ಅಂತ ಇರಬೇಕು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ನಡೆಯುತ್ತಿದ್ದದ್ದು ಅದರ ಉಲ್ಟಾ. ಚಳಿಗಾಲದಲ್ಲಿ ಆ ಊರಿನವರು ಓಡಾಡುತ್ತಿದ್ದದ್ದು ಹಿಮದ ಮೇಲೆ ಜಾರುವ ಕುದುರೆ ಬಂಡಿಗಳಲ್ಲಿ. ಸೇತುವೆಯ ಒಳಗೆ ಹಿಮವೇ ಇಲ್ಲದಿದ್ದರೆ ಬಂಡಿ ಜಾರುವುದು ಹೇಗೆ? ಹಾಗಾಗಿ ಕೂಲಿ ಕೊಟ್ಟು, ಹೊರಗಿನ ಹಿಮವನ್ನು ಗೋರಿ ಒಳಗೆ ಹರಡಿಸುತ್ತಿದ್ದರು.

ಮಾಡು ಇರುವುದು ಮರಕ್ಕಾಗಿ. ಭಾರ ಹೊರುವುದು ಆ ಎರಡು ಬದಿಯ ಮರದ ಚೌಕಟ್ಟು. ಅದರ ಸಂದುಗಳಲ್ಲಿ ನೀರು ನಿಂತರೆ ಮರ ಒಳಗಿನಿಂದ ಲಡ್ಡಾಗುತ್ತದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಮಣ್ಣಿನ ಗೋಡೆ ನೆನೆಯದಿರಲಿ ಅಂತ ಸೂರನ್ನು ಉದ್ದಕ್ಕೆ ಇಳಿಸುತ್ತಾರಲ್ವಾ, ಲೆಕ್ಕ ಅದೇ. ಫಿಲಡೆಲ್ಫಿಯಾದಲ್ಲಿ 1805ರಲ್ಲಿ ತಿಮೋತಿ ಪಾಮರ್ ಎಂಬ ಬಡಗಿ ಕಟ್ಟಿದ ಸೇತುವೆಗೆ ಮಾಡು ಹೊದಿಸಿದರು. ಅಮೆರಿಕದಲ್ಲಿ ನಮಗೆ ಗೊತ್ತಿರುವ ಮೊದಲ ಮಾಡಿನ ಸೇತುವೆ ಅದೇ. ಚೆನ್ನಾಗಿ ಮುಚ್ಚಿದರೆ ಮೂವತ್ತು, ನಲವತ್ತು ವರ್ಷ ಬಾಳುತ್ತದೆ ಎಂಬುದು ಪಾಮರ್ ಅಂದಾಜು. ಆಮೇಲೆ ಬಂದ ಎಷ್ಟೋ ಸೇತುವೆಗಳು ನೂರೈವತ್ತು ವರ್ಷ ದಾಟಿ ನಿಂತಿವೆ.

ಅವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಕನೆಕ್ಟಿಕಟ್ ನದಿಯ ಒಂದು ದಡದಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಶ್, ಇನ್ನೊಂದು ದಡದಲ್ಲಿ ವರ್ಮಾಂಟ್‌ನ ವಿಂಡ್ಸರ್. ಇಲ್ಲಿ 1796, 1824, 1828ರಲ್ಲಿ ಕಟ್ಟಿದ ಮೂರು ಸೇತುವೆಗಳೂ ಉಳಿಯಲಿಲ್ಲ. ಈಗಿರುವುದು ನಾಲ್ಕನೆಯದು. 1866ರಲ್ಲಿ ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಎಂಬಿಬ್ಬರು 9,000 ಡಾಲರ್‌ಗೆ ಕಟ್ಟಿಕೊಟ್ಟರು. ಉದ್ದ ಸುಮಾರು 450 ಅಡಿ. ನದಿಯ ನಡುವೆ ಒಂದೇ ಒಂದು ಕಲ್ಲಿನ ಕಂಬ. ಅಂದರೆ ಒಂದೊಂದು ಅಂಕಣವೂ ಇನ್ನೂರು ಅಡಿಗಿಂತ ಜಾಸ್ತಿ. ಬರೀ ಮರದಲ್ಲಿ!

ಒಳಗೆ ಹೋಗಿ ಗೋಡೆ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಓರೆಯಾಗಿ ನಿಲ್ಲಿಸಿದ ತೊಲೆಗಳು ಒಂದನ್ನೊಂದು ಅಡ್ಡ ಹಾಯ್ದು ಜಾಲಂಧ್ರ ಆಗಿವೆ. ಈ ವಿಧಾನಕ್ಕೆ 1820ರಲ್ಲಿ ಪೇಟೆಂಟ್ ಪಡೆದವರು ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ. ಅವರದು ಹಲಗೆಗಳ ಜಾಲ. ಹಲಗೆ ಹಲಗೆ ದಾಟುವಲ್ಲಿ ತೂತು ಕೊರೆದು ಗಟ್ಟಿ ಮರದ ಮೊಳೆ ಹೊಡೆದರೆ ಆಯಿತು. ದೊಡ್ಡ ದಿಮ್ಮಿ ಬೇಡ, ಊರಿನ ಬಡಗಿಗಳೇ ಸಾಕು. ಅದಕ್ಕೇ ಹಳ್ಳಿಹಳ್ಳಿಗೂ ಹಬ್ಬಿತು. ಟಾಸ್ಕರ್ ಮತ್ತು ಫ್ಲೆಚರ್ ಹಲಗೆಯ ಬದಲು ಚೌಕ ತೊಲೆಗಳನ್ನೇ ತೆಗೆದುಕೊಂಡು, ದಾಟುವ ಕಡೆ ಕಚ್ಚು ಹಾಕಿ ಕೂರಿಸಿದರು. ಟಾಸ್ಕರ್‌ಗೆ ಓದು ಬರಹ ಬರುತ್ತಿರಲಿಲ್ಲ ಎಂದು ಅಲ್ಲಿನವರು ಹೇಳುತ್ತಾರೆ. ಆ ಕಚ್ಚುಗಳನ್ನು ನೋಡಿದರೆ ಅವರ ಕೈಗೆ ಲೆಕ್ಕ ಎಷ್ಟು ಚೆನ್ನಾಗಿ ಬರುತ್ತಿತ್ತು ಅನ್ನುವುದು ತಿಳಿಯುತ್ತದೆ.

ಸೇತುವೆಯ ಬಾಯಿಗೆ ಒಂದು ಬೋರ್ಡ್ ಇದೆ: ಕುದುರೆಗಳನ್ನು ನಡೆಸಿಕೊಂಡು ಹೋಗಿ, ಇಲ್ಲವೇ ಎರಡು ಡಾಲರ್ ದಂಡ ಕಟ್ಟಿ. ಕುದುರೆಗಳು ಓಡಿದರೆ ಸೇತುವೆ ಕುಲುಕಿ ಸಂದುಗಳು ಸಡಿಲವಾಗುತ್ತವೆ ಅನ್ನುವ ಭಯ ಆಗ ಇತ್ತು. ಖಾಸಗಿ ಕಂಪನಿಯೊಂದು ಸುಂಕ ವಸೂಲಿ ಮಾಡುತ್ತಿತ್ತು. 1936ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಅದನ್ನು ಕೊಂಡುಕೊಂಡಿತು. 1943ರಲ್ಲಿ ಸುಂಕ ನಿಂತಿತು.

1987ರ ಹೊತ್ತಿಗೆ ಸೇತುವೆ ತೀರಾ ಸೋತಿತ್ತು. ವಾಹನ ನಿಲ್ಲಿಸಿ ರಿಪೇರಿಗೆ ಇಳಿದರು. ಕೆಲಸ ಮುಗಿದು ಮತ್ತೆ ತೆರೆದದ್ದು 1989ರ ಡಿಸೆಂಬರ್‌ನಲ್ಲಿ. ಖರ್ಚು ಸುಮಾರು 44.5 ಲಕ್ಷ ಡಾಲರ್. ಸೋತ ಉದ್ದ ತೊಲೆಗಳ ಜಾಗಕ್ಕೆ, ತೆಳು ಪದರಗಳನ್ನು ಅಂಟಿಸಿ ಮಾಡಿದ ಹೊಸ ಮರ ಬಂತು. ಹಳೆಯ ಕಸುಬು ಬಲ್ಲವರಿಗೆ ಅಂಥ ಮರ ಇಷ್ಟವಾಗುವುದಿಲ್ಲ. ಇಡೀ ತೊಲೆಯೇ ಬೇಕು, ಕೊಳೆತಷ್ಟನ್ನು ಮಾತ್ರ ಕತ್ತರಿಸಿ ತೇಪೆ ಹಾಕಬೇಕು ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಒಂದು ತೊಲೆ ಹೋದರೆ ಅದರ ಮೇಲಿನ ಬಾಚಿಯ ಗುರುತೂ ಹೋಗುತ್ತದೆ. ಆದರೂ ಈ ವಿಷಯದಲ್ಲಿ ನಾನು ರಿಪೇರಿ ಮಾಡಿದವರ ಕಡೆ. ಇವತ್ತಿಗೂ ಅದರೊಳಗೆ ಕಾರುಗಳು ಹೋಗುತ್ತವೆ, ಜನ ದಿನಾ ಈ ದಡದಿಂದ ಆ ದಡಕ್ಕೆ ದಾಟುತ್ತಾರೆ. ಓಡಾಟ ಇರುವ ಸೇತುವೆಯಲ್ಲಿ ಹಲಗೆ ಸಡಿಲವಾದರೆ, ಮಾಡು ಸೋರಿದರೆ ಯಾರಾದರೂ ಬೇಗ ಗಮನಿಸುತ್ತಾರೆ.

ದೊಡ್ಡ ರಿಪೇರಿಯ ಮಾತು ಬಂದಾಗ ಸಣ್ಣ ಕೆಲಸ ಮರೆತೇ ಹೋಗುತ್ತದೆ. ಸೇತುವೆಯ ತುದಿ ಕಲ್ಲುಕಟ್ಟೆಯ ಮೇಲೆ ಕೂರುವ ಜಾಗಕ್ಕೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಚಕ್ರಗಳು ತಂದ ಮಣ್ಣು, ಎಲೆ, ರಸ್ತೆಗೆ ಎರಚಿದ ಉಪ್ಪು ಎಲ್ಲ ಅಲ್ಲೇ ಗುಡ್ಡೆ ಬಿದ್ದಿರುತ್ತದೆ. ಅದು ಸದಾ ತೇವ. ಸೇತುವೆ ಕೊಳೆಯಲು ಶುರುವಾಗುವುದು ಹೆಚ್ಚಾಗಿ ಅಲ್ಲಿಂದ. ಪೊರಕೆ, ಸಲಿಕೆ ಹಿಡಿದು ಆಗಾಗ ಗುಡಿಸಿದರೆ ಆ ತೊಲೆ ಎಷ್ಟೋ ಕಾಲ ಬಾಳುತ್ತದೆ. ಇದಕ್ಕೆ ಯಾರೂ ಉದ್ಘಾಟನೆ ಮಾಡುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಬಜೆಟ್‌ನಲ್ಲಿ ಮೊದಲು ಕೈಬಿಡುವುದೂ ಇದನ್ನೇ. ನನಗೆ ಬೇಸರವಾಗುವುದು ಇಲ್ಲೇ.

ಗುಡಿಸಿ, ಮಾಡು ಹೊದಿಸಿ ಕಾಪಾಡಿದರೂ ತಡೆಯಲಾಗದ ಪೆಟ್ಟುಗಳಿವೆ. ಬೆಂಕಿ ಒಂದು. ಎತ್ತರದ ಲಾರಿಗಳು ಇನ್ನೊಂದು. ವರ್ಮಾಂಟ್‌ನ ಲಿಂಡನ್‌ನಲ್ಲಿ 1878ರ ಸೇತುವೆಗೆ ಲಾರಿಗಳು ಮತ್ತೆ ಮತ್ತೆ ಗುದ್ದಿವೆ. ಎಲ್ಲಕ್ಕಿಂತ ದೊಡ್ಡದು ಪ್ರವಾಹ. 2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆ ಒಂದೇ ದಿನ ಎರಡು ಹೆಸರಾಂತ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಒಂದು ನ್ಯೂಯಾರ್ಕ್ ರಾಜ್ಯದ ಬ್ಲೆನ್‌ಹೈಮ್ ಸೇತುವೆ. 1855ರದು, ನಿಕೊಲಸ್ ಪವರ್ಸ್ ಕಟ್ಟಿದ್ದು, ನಡುವೆ ಕಂಬವೇ ಇಲ್ಲದೆ ಇನ್ನೂರು ಅಡಿ ಹಾಯ್ದಿತ್ತು. ಇನ್ನೊಂದು ವರ್ಮಾಂಟ್‌ನ ಬಾರ್ಟನ್ಸ್‌ವಿಲ್ ಸೇತುವೆ, 1870ರದು.

ಬಾರ್ಟನ್ಸ್‌ವಿಲ್‌ನಲ್ಲಿ ಕಾಂಕ್ರೀಟ್ ಸೇತುವೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಊರವರು ಮರದ್ದೇ ಬೇಕು ಅಂದರು. ಅದೇ ಜಾಲದ ವಿಧಾನದಲ್ಲಿ, ಹಳೆಯದಕ್ಕಿಂತ ಸ್ವಲ್ಪ ಉದ್ದಕ್ಕೆ ಕಟ್ಟಿ 2013ರಲ್ಲಿ ತೆರೆದರು. ಬ್ಲೆನ್‌ಹೈಮ್ ಸೇತುವೆಯೂ 2018ರಲ್ಲಿ ಮತ್ತೆ ಎದ್ದಿತು, ಈ ಸಲ ಹೊಳೆಯಿಂದ ಇನ್ನಷ್ಟು ಎತ್ತರದಲ್ಲಿ. ಇವು ಹಳೆಯ ಸೇತುವೆಗಳಲ್ಲ, ಪ್ರತಿಗಳು ಅನ್ನುವುದು ನಿಜ. ಆದರೆ ಕಟ್ಟುವಾಗ ಇವತ್ತಿನ ಬಡಗಿಗಳು ಆ ಜಾಲವನ್ನು ಜೋಡಿಸುವುದು ಕಲಿತರು. ಪಕ್ಕದ ಊರಿನಲ್ಲಿ ಉಳಿದಿರುವ ಹಳೆಯ ಸೇತುವೆಯ ತೊಲೆ ನಾಳೆ ಸೋತರೆ, ಅದನ್ನು ಬಿಚ್ಚಿ ಸರಿಮಾಡಬಲ್ಲ ಕೈಗಳು ಅಲ್ಲೇ ಇವೆ.

ಜಾಲದ ಚಿತ್ರಗಳನ್ನು ತಂದಿದ್ದೇನೆ. ಈಗ ತೋರಿಸುತ್ತೇನೆ, ನೋಡುತ್ತಾ ಪ್ರಶ್ನೆಗಳನ್ನು ಕೇಳಿ.